ಗಿಲಾವಿಗೆ ಮೊದಲು ಬಚ್ಚಲಲ್ಲಿ ನಿಂತು ಕೈ ಚಾಚಿ ನೋಡಿ

ವಿಜಯಪುರದಲ್ಲಿ ನಮ್ಮ ಮನೆ ಕಟ್ಟುವಾಗ ವಾಯರಿಂಗ್ ಮಿಸ್ತ್ರಿ ಬಚ್ಚಲ ಗೋಡೆಯ ಮೇಲೆ, ನಳದಿಂದ ಎರಡು ಗೇಣು ದೂರಕ್ಕೆ, ಪ್ಲಗ್ ಪಾಯಿಂಟಿಗೆಂದು ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದಿದ್ದರು. ಇಲ್ಲೇಕೆ ಎಂದು ಕೇಳಿದ್ದಕ್ಕೆ, "ಬಕೀಟು ಇಲ್ಲೇ ಇಡ್ತೀರಲ್ರೀ, ಕಾಯಿಲ್ ವಾಯರ್ ಮುಟ್ಟಬೇಕಲ್ಲ?" ಎಂದರು. ಬಕೆಟ್ಟಿಗೆ ಇಳಿಬಿಟ್ಟು ನೀರು ಕಾಯಿಸುವ ಆ ಕಾಯಿಲಿನ ವಾಯರಿನ ಉದ್ದ ನೋಡಿ ಹಾಕಿದ ಲೆಕ್ಕ ಅದು. ಒದ್ದೆ ಕೈ ಎಲ್ಲಿವರೆಗೆ ಹೋಗುತ್ತದೆ ಎಂಬ ಲೆಕ್ಕ ಅದರಲ್ಲಿ ಇರಲಿಲ್ಲ.

ಮೈ ಒದ್ದೆಯಾದಾಗ ದೇಹದ ರೋಧ, ಅಂದರೆ ಕರೆಂಟನ್ನು ತಡೆಯುವ ಗುಣ, ಸುಮಾರು 1000 ಓಮ್‌ಗೆ ಇಳಿಯಬಹುದು. ಮನೆಗೆ ಬರುವುದು 230 ವೋಲ್ಟ್. ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಮೈಯಲ್ಲಿ ಹರಿಯುವ ಕರೆಂಟು 230 ಮಿಲಿಆಂಪಿಯರ್. 30 ಮಿಲಿಆಂಪಿಯರ್ ಮೀರಿದ ಕರೆಂಟು ಎದೆಯ ಮೂಲಕ ಹರಿದರೆ ಹೃದಯದ ಬಡಿತ ತಪ್ಪುವ ಅಪಾಯವಿದೆ. ಹೆಚ್ಚು ಕರೆಂಟು ಹರಿದರೆ ತಾನೇ ಬೀಳುವ ಬೋರ್ಡಿನ ಎಂಸಿಬಿ ನಮ್ಮನ್ನು ಕಾಯುತ್ತದೆ ಎಂದುಕೊಳ್ಳಬೇಡಿ, ಅದರ ಮೇಲೆ ಬರೆದ 6 ಆಂಪಿಯರ್ ಎಂದರೆ 6000 ಮಿಲಿಆಂಪಿಯರ್. ಅದು ಕಾಯುವುದು ವಾಯರನ್ನು.

ಹಾಗಾಗಿ ಗೌಂಡಿ ಗಿಲಾವು ಮಾಡುವ ಮೊದಲೇ ಬಚ್ಚಲಿಗೆ ಹೋಗಿ, ಸ್ನಾನ ಮಾಡುವ ಜಾಗದಲ್ಲಿ ನಿಲ್ಲಿ. ಕೈಯಲ್ಲಿ ಚೊಂಬು ಹಿಡಿದು ಸುತ್ತ ಚಾಚಿ. ಚೊಂಬು ತಗಲುವಲ್ಲಿ, ನೀರು ಸಿಡಿಯುವಲ್ಲಿ ಪ್ಲಗ್ ಪಾಯಿಂಟ್ ಬೇಡ. ಶವರ್ ಜಾಗದ ಅಂಚಿನಿಂದ ಕನಿಷ್ಠ 0.6 ಮೀಟರ್, ಅಂದರೆ ಎರಡು ಅಡಿ ಹೊರಕ್ಕೂ, ನೆಲದಿಂದ 2.25 ಮೀಟರ್ ಎತ್ತರದವರೆಗೂ ಸಾಕೆಟ್ ಕೂಡದೆಂಬುದು ಒಪ್ಪಿತ ನಿಯಮ. ನಮ್ಮ ಬಚ್ಚಲುಗಳು ಅಷ್ಟು ದೊಡ್ಡವೇ? ನಾಲ್ಕಡಿ ಆರಡಿ ಬಚ್ಚಲಲ್ಲಿ ಎರಡಡಿ ಬಿಟ್ಟರೆ ಉಳಿಯುವುದು ಬಾಗಿಲು. ಅದಕ್ಕೇ ಗೀಸರ್ ಪಾಯಿಂಟ್ ಬಿಟ್ಟು ಒಳಗೆ ಏನನ್ನೂ ಇಡದಿರುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಆ ಪಾಯಿಂಟ್ ಕೂಡ ಶವರಿನ ಎದುರು ಗೋಡೆಯಲ್ಲಿ, ಕೈಗೆಟುಕದ ಎತ್ತರದಲ್ಲಿ, ಪೈಪಿನ ಜಾಯಿಂಟುಗಳ ಕೆಳಗೆ ಬಾರದಂತೆ ಇರಲಿ. 3000 ವ್ಯಾಟ್ ಗೀಸರ್ 13 ಆಂಪಿಯರ್ ಎಳೆಯುತ್ತದೆ, ಆದ್ದರಿಂದ 16 ಆಂಪಿಯರ್ ಸಾಕೆಟ್ಟೇ ಬೇಕು. ಬಟನ್ ಮಾತ್ರ ಬಾಗಿಲ ಹೊರಗೆ. ಕರೆಂಟು ತರುವ ಫೇಸ್, ಮರಳಿ ಒಯ್ಯುವ ನ್ಯೂಟ್ರಲ್ ಎರಡೂ ವಾಯರನ್ನು ಕತ್ತರಿಸುವ, ದೀಪವಿರುವ 20 ಆಂಪಿಯರ್ ಡಬಲ್ ಪೋಲ್ ಸ್ವಿಚ್ ಕೇಳಿ ತನ್ನಿ.

ಕಾಯಿಲ್ ಬಿಟ್ಟುಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಗೊತ್ತು. ಹಾಗಿದ್ದರೆ ಪ್ಲಗ್ ಬಚ್ಚಲ ಹೊರಗಿರಲಿ, ಬಕೆಟ್ ಪ್ಲಾಸ್ಟಿಕ್ಕಿನದಾಗಲಿ. ಕಾಯಿಲ್ ನೀರಿಗಿಳಿಸಿದ ಮೇಲೆ ಬಟನ್ ಒತ್ತಿ. ನೀರು ಮುಟ್ಟಿ ನೋಡುವ ಮುಂಚೆ ಬಟನ್ ಆರಿಸಿ, ಪ್ಲಗ್ಗೂ ಕಿತ್ತಿರಬೇಕು.

ಅಡುಗೆ ಕಟ್ಟೆಯಲ್ಲಿ ಮಿಕ್ಸರ್ ಪಾಯಿಂಟ್ ಸಿಂಕಿನಿಂದ ಪಕ್ಕಕ್ಕೆ ಎರಡಡಿಯಾದರೂ ದೂರವಿರಲಿ. ನೀರಿನ ಫಿಲ್ಟರಿಗೆಂದು ಸಿಂಕಿನ ಕೆಳಗೆ ಸಾಕೆಟ್ ಹಾಕಿಸುವವರಿದ್ದಾರೆ. ಪೈಪು ಸೋರಿದರೆ ಮೊದಲ ಹನಿ ಅಲ್ಲಿಗೇ. ಫಿಲ್ಟರಿನ ವಾಯರು ಸಾಕೆಟ್ಟಿಗಿಂತ ಕೆಳಗೆ ಜೋಕಾಲಿಯಂತೆ ಜೋತು, ಆಮೇಲೆ ಮೇಲೇರಿ ಪ್ಲಗ್ ಸೇರಲಿ. ವಾಯರಿನ ಗುಂಟ ಇಳಿದ ನೀರು ಜೋತ ಜಾಗದಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಮಾಳಿಗೆಯ ಮೇಲೆ ವಾಷಿಂಗ್ ಮಷಿನ್ ಇಡುವವರು ಮುಚ್ಚಳವಿರುವ ಬಾಕ್ಸ್ ಹಾಕಿಸಿ, ಟಾಕಿ ತುಂಬಿ ಹೊರಚೆಲ್ಲುವ ಪೈಪಿನ ಕೆಳಗೆ ಬೇಡ. ನಳ ಬಂದ ದಿನ ಅಂಗಳದ ನೀರಿನಲ್ಲಿ ಗಂಟು ಹಾಕಿದ ವಾಯರು ಎಳೆದು ಮೋಟಾರ್ ಹಚ್ಚುವುದಂತೂ ನಿಲ್ಲಬೇಕು. ನೆರಳಲ್ಲಿ, ಎದೆಯೆತ್ತರಕ್ಕೆ ಅದಕ್ಕೊಂದು ಕಾಯಂ ಪಾಯಿಂಟ್ ಕೊಡಿ.

ಜಾಗ ಸರಿಯಿದ್ದರೂ ಕರೆಂಟು ಸೋರಿದೊಡನೆ ಲೈನ್ ಕಡಿಯುವ ಆರ್‌ಸಿಸಿಬಿ ಬೇಕೇ ಬೇಕು. ಅಂಗಡಿಯಲ್ಲಿ ಇಎಲ್‌ಸಿಬಿ ಎಂದರೂ ಕೊಡುತ್ತಾರೆ. ಡಬ್ಬಿಯ ಮೇಲೆ 30 ಮಿಲಿಆಂಪಿಯರ್ ಎಂದಿದೆಯೇ ನೋಡಿ. 100, 300ರದು ಬೆಂಕಿ ತಡೆಯಲು, ಮನುಷ್ಯನಿಗಲ್ಲ. 'ಟಿ' ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಟಪ್ಪೆಂದು ಬೀಳಬೇಕು. ಪದೇ ಪದೇ ಬೀಳುತ್ತದೆಂದು ಅದನ್ನೇ ತೆಗೆಸಿ ನೇರ ಜೋಡಿಸುವ ಮನೆಗಳನ್ನು ಕಂಡಿದ್ದೇನೆ. ನಮ್ಮ ಬೋರಿನ ಸವಳು ನೀರಿಗೆ ಗೀಸರ್ ಕಾಯಿಲ್ ಮೇಲೆ ಬಿಳಿ ಹೆಕ್ಕಳಿಕೆ ಕಟ್ಟುತ್ತದೆ. ಆ ಕಾಯಿಲಿನ ಹೊರಕೊಳವೆ ಬಿರುಕು ಬಿಟ್ಟು ಕರೆಂಟು ಸೋರುತ್ತದೆ. ಮೊದಲು ಅದನ್ನು ತಪಾಸಿಸಿ.

ಇನ್ನು ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವಾಯರು ಮತ್ತು ಗುಂಡಿ. ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಬಾಯಿಬಿಡುತ್ತದೆ, ಇದ್ದಿಲು ಉಪ್ಪು ಹಾಕಿದ ಗುಂಡಿಯೂ ಒಣಗುತ್ತದೆ. ಮಾರ್ಚ್‌ನಿಂದ ಮಳೆ ಬೀಳುವತನಕ ಆಗಾಗ ಒಂದು ಕೊಡ ನೀರು ಹೊಯ್ಯಿರಿ. ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೆ ನ್ಯೂಟ್ರಲ್ಲನ್ನೇ ಸೇರಿಸಿ "ಅರ್ಥಿಂಗ್ ಆತ್ರಿ" ಎನ್ನುವವರಿಗೆ ಕೆಲಸ ಕೊಡಬೇಡಿ. ನ್ಯೂಟ್ರಲ್ ಕಡಿದ ದಿನ ಗೀಸರಿನ ಮೈಗೇ ಕರೆಂಟು ಬರುತ್ತದೆ.

ನಮ್ಮ ಮಿಸ್ತ್ರಿ "ಎಂಟಡಿ ವಾಯರಿಂಗ್ ಪೈಪು ಹೆಚ್ಚಿಗೆ ಹೋಗ್ತದರಿ" ಎಂದು ಗೊಣಗುತ್ತಲೇ ಚೌಕ ಅಳಿಸಿದರು. ಅಲ್ಲೀಗ ಸಾಬೂನು ಇಡುವ ಮಾಡವಿದೆ. ಬಟನ್ ಹೊರಗಿರುವುದರಿಂದ ಒಂದೇ ತಕರಾರು: ಅಜ್ಜ ಸ್ನಾನಕ್ಕಿಳಿದರೆ ಮೊಮ್ಮಕ್ಕಳು ಹೊರಗಿನಿಂದ ದೀಪದ ಬಟನ್ನನ್ನೂ ಆರಿಸಿ ಓಡುತ್ತವೆ.