ನಮ್ಮ ಪೋಡಿನ ಕಟ್ಟುಪಾಡು ಬರೆದ ಬಗೆ

ಕಾಡಿನ ಕಟ್ಟುಪಾಡು ಬರೆಯಲು ಕರೆದ ಮೊದಲ ಸಭೆಗೆ ಇಲಾಖೆಯಿಂದ ಬಂದ ಅಧಿಕಾರಿ 14 ಪುಟದ ಮಾದರಿ ಬೈಲಾ, ಅಂದರೆ ಸಿದ್ಧ ನಿಯಮಾವಳಿ, ತಂದಿದ್ದರು. ಒಳ್ಳೆಯ ಮನುಷ್ಯ. ಮುಕ್ಕಾಲು ಗಂಟೆ ನಿಂತೇ ಓದಿದರು. ‘ಕಿರು ಅರಣ್ಯ ಉತ್ಪನ್ನಗಳ ಸುಸ್ಥಿರ ಸಂಗ್ರಹಣೆ’ ಎಂಬಲ್ಲಿಗೆ ಬಂದಾಗ ಹಿಂದೆ ಕುಳಿತಿದ್ದ ಅಜ್ಜ ಒಬ್ಬರು, ‘ಇದು ಯಾವ ಕಾಡಿನ ಮಾತು ಸ್ವಾಮಿ?’ ಎಂದು ಕೇಳಿದರು. ಯಾರೂ ನಗಲಿಲ್ಲ. ಅಜ್ಜನಿಗೆ ನಿಜಕ್ಕೂ ಉತ್ತರ ಬೇಕಾಗಿತ್ತು.

ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹೆಣ್ಣುಮಗಳು, ನಮ್ಮ ಪೋಡಿನ ಅರಣ್ಯ ಹಕ್ಕು ಸಮಿತಿಯ ಕಾರ್ಯದರ್ಶಿ. ಪೋಡು ಎಂದರೆ ನಮ್ಮ ಸೋಲಿಗರ ಹಾಡಿ. 2011ರ ಜನವರಿಯಲ್ಲಿ ನಮ್ಮ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಕಾಡನ್ನು ಕಾಯುವ ಅಧಿಕಾರ ಅರಣ್ಯ ಹಕ್ಕು ಕಾಯ್ದೆಯ 5ನೇ ಸೆಕ್ಷನ್ನಿನ ಪ್ರಕಾರ ಗ್ರಾಮಸಭೆಗೇ ಇದೆ, ಅದಕ್ಕೆ ಬೇಕಾದ ಕಟ್ಟುಪಾಡುಗಳನ್ನು ನಾವೇ ಮಾಡಿಕೊಳ್ಳಬಹುದು ಎಂಬುದು ತಲೆಗೆ ಹತ್ತಲು ಮಾತ್ರ ನಮಗೆ ವರ್ಷಗಳೇ ಹಿಡಿದವು. ಕರ್ನಾಟಕದಲ್ಲಿ ಸಂವಿಧಾನದ 5ನೇ ಅನುಸೂಚಿಗೆ ಸೇರಿದ ಬುಡಕಟ್ಟು ಪ್ರದೇಶ ಒಂದೂ ಇಲ್ಲ. ಹಾಗಾಗಿ ಅಂಥ ಪ್ರದೇಶಗಳ ಗ್ರಾಮಸಭೆಗೆ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆ ನಮ್ಮನ್ನು ಮುಟ್ಟುವುದಿಲ್ಲ. ನಮಗೆ ಆಧಾರವೆಂದರೆ 2006ರ ಈ ಕಾಯ್ದೆಯೇ.

ಎರಡನೆಯ ಸಭೆಗೆ ಕಾಗದ ಒಯ್ಯಲಿಲ್ಲ. ಈ ಕಾಯ್ದೆಯ ನಿಯಮಗಳಿಗೆ 2012ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಗ್ರಾಮಸಭೆಗೆ ಕನಿಷ್ಠ ಅರ್ಧದಷ್ಟು ಸದಸ್ಯರು ಸೇರಬೇಕು, ಸೇರಿದವರಲ್ಲಿ ಮೂರನೇ ಒಂದು ಭಾಗವಾದರೂ ಹೆಂಗಸರಿರಬೇಕು. ಹಗಲು ಕರೆದರೆ ಹೆಂಗಸರೆಲ್ಲ ಕಾಫಿ ತೋಟದಲ್ಲಿರುತ್ತಾರೆ. ಸಂಜೆಗೆ ಇಟ್ಟುಕೊಂಡೆವು. ಪೋಡಿನ ಸುದ್ದಿ ಮುಟ್ಟಿಸುವ ಕೋಲುಕಾರ ಮನೆಮನೆಗೂ ಹೋಗಿ ಹೇಳಿ ಬಂದ. ಜನ ತುಂಬಿದರು. ನಾನು ಒಂದೇ ಪ್ರಶ್ನೆ ಕೇಳಿದೆ: ‘ಹೆಜ್ಜೇನು ಇಳಿಸುವಾಗ ಏನು ಮಾಡಬಾರದು?’

ಆಮೇಲೆ ನಾನು ಬರೆದುಕೊಳ್ಳುವುದೇ ಕಷ್ಟವಾಯಿತು. ಮರಿಯಿರುವ ಭಾಗವನ್ನು ಕೊಯ್ಯಬಾರದು. ಒಂದು ಮರದ ಹುಟ್ಟುಗಳನ್ನೆಲ್ಲ ಒಂದೇ ರಾತ್ರಿ ಇಳಿಸಬಾರದು. ಮರ ಹತ್ತಲಾರದ ಹುಲಿಗೆಂದು ನೆಲಕ್ಕೆ ಒಂದೆರಡು ರೊಟ್ಟು, ಅಂದರೆ ಜೇನಿನ ಹಲ್ಲೆ, ಬಿಟ್ಟು ಬರಬೇಕು. ಕೊನೆಯದನ್ನು ಹೇಳಿದ್ದು ಅದೇ ಅಜ್ಜ. ‘ಹುಲಿಗೆ ರೊಟ್ಟು ಎಂದು ಬರೆದರೆ ಕಚೇರಿಯವರು ನಗುತ್ತಾರೆ ಅಕ್ಕಾ’ ಎಂದು ಹುಡುಗನೊಬ್ಬ ತಡೆದ. ಬರೆದೆ. ನಮ್ಮ ಕಟ್ಟುಪಾಡಿನಲ್ಲಿ ಅದು ಮೂರನೆಯದು.

ನೆಲ್ಲಿಕಾಯಿಯ ಮಾತು ಬಂದಾಗ ಹೆಂಗಸರು ಬಾಯಿ ಬಿಟ್ಟರು. ಕೊಂಬೆ ಕಡಿಯಬಾರದು, ಜಿಂಕೆ ಕಡವೆಗಳ ಪಾಲನ್ನು ಮರದಲ್ಲೇ ಉಳಿಸಬೇಕು, ಹತ್ತಿದವರು ಮರದ ರಸ ಹೀರುವ ಬದನಿಕೆ ಗಿಡ ಕಂಡರೆ ಕಿತ್ತೇ ಇಳಿಯಬೇಕು. ಕಾಡಿನ ನೂರೆ ಗೆಣಸು ಅಗೆದವರು ಬಳ್ಳಿಯ ಬುಡವನ್ನು ಮತ್ತೆ ಗುಂಡಿಗಿಟ್ಟು ಮಣ್ಣು ಮುಚ್ಚಬೇಕು. ಜಗಳವಾದದ್ದು ದಂಡದ ವಿಷಯಕ್ಕೆ. ಗಂಡಸರು ಸಾವಿರ ರೂಪಾಯಿ ಎಂದರು. ‘ಆ ಸಾವಿರ ನಿಮ್ಮ ಕಿಸೆಯಿಂದ ಬರುವುದಿಲ್ಲ, ಮಕ್ಕಳ ತಟ್ಟೆಯಿಂದ ಬರುತ್ತದೆ’ ಎಂದು ನಮ್ಮ ಚಿಕ್ಕಮ್ಮ ಎದ್ದು ನಿಂತರು. ತಪ್ಪು ಮಾಡಿದವರು ಎರಡು ದಿನ ಕಾಡನ್ನು ಮುತ್ತಿರುವ ಲಂಟಾನ ಕಳೆಯನ್ನು ಕೀಳಬೇಕೆಂದು ತೀರ್ಮಾನವಾಯಿತು. ಈಗ ಆ ಶಿಕ್ಷೆಗೇ ಹೆಚ್ಚು ಹೆದರುತ್ತಾರೆ, ಲಂಟಾನದ ಬೇರು ಅಂಥದ್ದು.

ಸರ್ಕಾರದಿಂದ ಏನು ನೆರವು ಸಿಕ್ಕಿತು ಎಂದು ಬೇರೆ ಪೋಡಿನವರು ಕೇಳುತ್ತಾರೆ. ನಮ್ಮ ಗಡಿಯ ನಕ್ಷೆ, ಮೂರು ದಪ್ಪ ರಿಜಿಸ್ಟರು, ಗ್ರಾಮಸಭೆಯ ಮೊಹರು, ಕೊಟ್ಟ ನಿರ್ಣಯಕ್ಕೆಲ್ಲ ದಿನಾಂಕ ಹಾಕಿದ ಸ್ವೀಕೃತಿ. ಚಿಕ್ಕವೆಂದು ತೋರಬಹುದು, ಆದರೆ ಇವಿಲ್ಲದೆ ನಮ್ಮ ಮಾತು ಬೆಟ್ಟ ಇಳಿಯುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ನೆರವು ಸಿಕ್ಕಿದ್ದು ಮೂರನೆಯ ಸಭೆಯಲ್ಲಿ. ಅದೇ ಅಧಿಕಾರಿ ಮತ್ತೆ ಬಂದರು, ಈ ಸಲ ಚಾಪೆಯ ತುದಿಯಲ್ಲಿ ಕುಳಿತು ಕೇಳಿದರು. ನಾವು ಓದಿ ಮುಗಿಸಿದ ಮೇಲೆ, ‘ಒಂದು ಬಿಟ್ಟುಹೋಗಿದೆಯಮ್ಮಾ’ ಎಂದರು. ಕಿರು ಅರಣ್ಯ ಉತ್ಪನ್ನದ ಸಾಗಣೆ ಪರವಾನಗಿಯನ್ನು 2012ರ ನಿಯಮದಂತೆ ಗ್ರಾಮಸಭೆಯ ಸಮಿತಿಯೇ ಕೊಡಬಹುದು, ಯಾರು ಸಹಿ ಹಾಕಬೇಕೆಂದು ನಿರ್ಣಯ ಮಾಡಿಕೊಳ್ಳಿ ಎಂದು ನಿಯಮವನ್ನು ಓದಿ ತೋರಿಸಿದರು. ನಮ್ಮಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. ಮಾದರಿ ಬೈಲಾ ತರುವ ಬದಲು ಮೊದಲ ದಿನವೇ ಹೀಗೆ ಕುಳಿತಿದ್ದರೆ ಒಂದು ಸಭೆ ಉಳಿಯುತ್ತಿತ್ತು ಎಂದು ಅವರಿಗೂ ಹೇಳಿದ್ದೇನೆ.

ಮೊದಲ ಪರವಾನಗಿಗೆ ಸಹಿ ಹಾಕಿದವಳು ನಾನೇ. ನೆಲ್ಲಿಕಾಯಿಯ ಗಾಡಿಯನ್ನು ಒಂದು ತಪಾಸಣಾ ಠಾಣೆಯಲ್ಲಿ ನಿಲ್ಲಿಸಿದರು. ಗ್ರಾಮಸಭೆಯ ಮೊಹರನ್ನು ಅಲ್ಲಿನವರು ಕಂಡೇ ಇರಲಿಲ್ಲ. ನಿಯಮದ ಪ್ರತಿ ತೋರಿಸಿ, ಫೋನಿನ ಮೇಲೆ ಫೋನು ಮಾಡಿ, ಗಾಡಿ ಹೊರಟಾಗ ಕತ್ತಲಾಗಿತ್ತು. ಗ್ರಾಮಸಭೆಗೆ ಅಧಿಕಾರ ಕೊಟ್ಟವರು ಅದನ್ನು ತಮ್ಮ ಕೆಳಗಿನ ಸಿಬ್ಬಂದಿಗೂ ಬರೆದು ತಿಳಿಸಬೇಕು. ಈಗ ಪ್ರತಿ ಗಾಡಿಯ ಜೊತೆ ನಿಯಮದ ಪ್ರತಿಯನ್ನೂ ನಮ್ಮ ನಿರ್ಣಯವನ್ನೂ ಪಿನ್ನು ಹೊಡೆದು ಕಳಿಸುತ್ತೇನೆ.

ರಿಜಿಸ್ಟರಿನಲ್ಲಿ ಒಂದು ಪುಟ ಖಾಲಿ ಇದೆ. ಮೇಲೆ ‘ತರಗು ಬೆಂಕಿ’ ಎಂದು ಮಾತ್ರ ಬರೆದಿದ್ದೇನೆ. ಹಿಂದೆ ನಮ್ಮವರು ಬೇಸಿಗೆ ಬಲಿಯುವ ಮೊದಲೇ ಒಣಗಿದ ತರಗಿಗೆ ಸಣ್ಣ ಬೆಂಕಿ ಹಚ್ಚುತ್ತಿದ್ದರು. ಅದು ನಿಂತ ಮೇಲೆಯೇ ಲಂಟಾನವೂ ಬದನಿಕೆಯೂ ಹೆಚ್ಚಿದವೆಂಬುದು ಹಿರಿಯರ ಗಟ್ಟಿ ನಂಬಿಕೆ, ನನ್ನದೂ. ವನ್ಯಜೀವಿ ಕಾಯ್ದೆಯಲ್ಲಿ ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದು ಅಪರಾಧ. ಎರಡು ಸಂಜೆ ಚರ್ಚಿಸಿದರೂ ಬರೆಯುವಂಥ ಒಂದು ಸಾಲು ಹುಟ್ಟಲಿಲ್ಲ, ಪುಟವನ್ನು ಹರಿಯಲು ಪೋಡಿನ ಯಜಮಾನರು ಬಿಡಲಿಲ್ಲ. ಕೈಯಾರೆ ತರಗು ಬೆಂಕಿ ಹಚ್ಚಿದ್ದವರು ಪೋಡಿನಲ್ಲಿ ಈಗ ನಾಲ್ವರಿದ್ದಾರೆ. ಅವರು ಹೇಳುವುದನ್ನು ಬೇರೊಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೇನೆ. ಗಾಳಿ ಯಾವ ಕಡೆಯಿಂದ ಬೀಸುವಾಗ ಹಚ್ಚಬಾರದು ಎಂಬಲ್ಲಿಗೆ ಅಜ್ಜ ಮೊನ್ನೆ ನಿಲ್ಲಿಸಿದ್ದಾರೆ. ಉಳಿದದ್ದನ್ನು ಕಾಡಿಗೆ ಹೋಗಿಯೇ ತೋರಿಸುತ್ತಾರಂತೆ.