ತುರುಬಿಗೆ ಸಿಕ್ಕಿಸಿದ ಮಾಸ್ಕ್: ನನ್ನ ಅನುಭವ

ಹೋದ ತಿಂಗಳ ಕೂಟಕ್ಕೆ 26 ಜನ ಬಂದಿದ್ದರು. ಅಷ್ಟೂ ಜನ ಮೆಟ್ಟಿಲು ಹತ್ತುವ ಮೊದಲೇ ಎನ್-95 ಮಾಸ್ಕ್ ಹಾಕಿಕೊಂಡಿದ್ದರು. ನಾನು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. 2023ರಲ್ಲಿ ಇದೇ ಮೆಟ್ಟಿಲ ಮೇಲೆ ನಿಂತು ಒಬ್ಬೊಬ್ಬರ ಹತ್ತಿರವೂ ಜಗಳ ಆಡಿದವಳು ನಾನು. ಆಗ "ಇದೆಲ್ಲ ಎರಡು ತಿಂಗಳೂ ನಡೆಯಲ್ಲ" ಅಂದಿದ್ದ ಮೈಸೂರು, ತುಮಕೂರಿನ ನಮ್ಮವರೇ ಈಗ ಫೋನ್ ಮಾಡಿ "ಹೆಂಗ್ ಮಾಡ್ದೆ ಅಕ್ಕ, ಹೇಳು" ಅನ್ನುತ್ತಿದ್ದಾರೆ. ಎಲ್ಲರಿಗೂ ಹೇಳಿ ಹೇಳಿ ಗಂಟಲು ಒಣಗಿತು, ಅದಕ್ಕೇ ಬರೆಯುತ್ತಿದ್ದೇನೆ. ಕೊರೊನಾ ತಡೆಯಲು ಮಾಸ್ಕ್ ಯಾಕೆ ಬೇಕು ಅಂತ ಇಲ್ಲಿ ವಿವರಿಸೋದಿಲ್ಲ. ಕೂಟ ನಡೆಸುವ ನಿಮಗೆ ಅದು ಗೊತ್ತಿರುವ ಮಾತು.

ನಾನು ಮಂಗಳಮುಖಿ, ಕೆಲಸದಲ್ಲಿ ಟೈಲರ್. ಹಾಸನದಲ್ಲಿ ಬ್ಲೌಸ್ ಹೊಲಿಯಲು ಕೂತು 14 ವರ್ಷವಾಯಿತು. ಅಂಗಡಿಯ ಮೇಲಿನ ರೂಮಿನಲ್ಲಿ ತಿಂಗಳ ಎರಡನೇ ಭಾನುವಾರ ನಮ್ಮ ಸಮುದಾಯದವರು ಸೇರುತ್ತೇವೆ. ಅರಸೀಕೆರೆ, ಬೇಲೂರು, ಚನ್ನರಾಯಪಟ್ಟಣ, ಸಕಲೇಶಪುರದಿಂದೆಲ್ಲ ಬರುತ್ತಾರೆ. ನಮ್ಮಂಥವರೇ ಹೆಚ್ಚು. ಹೆಣ್ಣು ಅನ್ನಿಸಿಕೊಂಡು ಹುಟ್ಟಿ ಗಂಡಾಗಿ ಬಾಳುವ ನಾಲ್ಕೈದು ಟ್ರಾನ್ಸ್ ಹುಡುಗರು, ಮನೆಯಲ್ಲಿ ಹೇಳಿಕೊಳ್ಳಲಾಗದ ಗೇ ಹುಡುಗರು, ಒಟ್ಟಿಗೆ ಬಾಳುತ್ತಿರುವ ಒಂದು ಹೆಣ್ಣು ಜೋಡಿ ಇದ್ದಾರೆ. ಇವರಲ್ಲಿ ಎಚ್.ಐ.ವಿ.ಗೆ ಕೊಡುವ ಎ.ಆರ್.ಟಿ. ಮಾತ್ರೆ ತೆಗೆದುಕೊಳ್ಳುವವರಿದ್ದಾರೆ, ಒಂದಿಬ್ಬರಿಗೆ ರೋಗದ ವಿರುದ್ಧ ಹೋರಾಡುವ ರಕ್ತಕಣಗಳು ತೀರಾ ಕಡಿಮೆ, ಅವುಗಳ ಸಿಡಿ4 ಎಣಿಕೆ 200ಕ್ಕಿಂತ ಮೇಲೇರಿಲ್ಲ. ಕಿಡ್ನಿ ಕಸಿ ಮಾಡಿಸಿಕೊಂಡ ಒಬ್ಬ ಹುಡುಗನಿದ್ದಾನೆ, ಅವನು ದಿನಾ ನುಂಗುವ ಮಾತ್ರೆಯೇ ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವಂಥದ್ದು. ಇನ್ನು ನಮ್ಮ ಗುರು. ನಾವೆಲ್ಲ ಅಮ್ಮ ಅನ್ನುತ್ತೇವೆ. 67 ದಾಟಿದೆ, ಸಕ್ಕರೆ ಕಾಯಿಲೆ ಇದೆ, ಹಿಂದೆ ಟಿ.ಬಿ. ಬಂದು ಒಂದು ಕಡೆಯ ಶ್ವಾಸಕೋಶ ಅರ್ಧ ಕೆಟ್ಟಿದೆ.

2020ರಲ್ಲಿ ನಾನೂ ಎಲ್ಲ ಟೈಲರ್‌ಗಳ ಹಾಗೆ ಬಟ್ಟೆ ಮಾಸ್ಕ್ ಹೊಲಿದೆ. ಮೂರು ಪದರದ ಹತ್ತಿ, ನೀಟಾದ ನೆರಿಗೆ. ನಾಲ್ಕು ಸಾವಿರದಷ್ಟು ಹೊಲಿದಿರಬಹುದು, ನಮ್ಮವರಿಗೆಲ್ಲ ಬಿಟ್ಟಿ ಕೊಟ್ಟೆ. 2021ರ ಮೇ ತಿಂಗಳಲ್ಲಿ ನನ್ನ ಗುರುತಂಗಿಗೆ ಉಸಿರು ಸಿಕ್ಕಿಹಾಕಿಕೊಂಡಾಗ ಒಂದು ಆಸ್ಪತ್ರೆಯ ಬಾಗಿಲಲ್ಲಿ "ಗಂಡಸರ ವಾರ್ಡಿಗಾ, ಹೆಂಗಸರ ವಾರ್ಡಿಗಾ?" ಎಂಬ ಪ್ರಶ್ನೆಗೇ ಒಂದೂವರೆ ಗಂಟೆ ಹೋಯಿತು. ಸುಪ್ರೀಂ ಕೋರ್ಟ್ ನಮ್ಮನ್ನು ಮೂರನೇ ಲಿಂಗ ಅಂತ ಒಪ್ಪಿ ಆಗಲೇ ಏಳು ವರ್ಷವಾಗಿತ್ತು. ಅವಳು ಉಳಿಯಲಿಲ್ಲ. ಸ್ಟ್ರೆಚರ್ ಮೇಲೆ ಅವಳ ಗದ್ದಕ್ಕೆ ಜಾರಿಕೊಂಡಿದ್ದ ನೀಲಿ ಮಾಸ್ಕ್ ನಾನು ಹೊಲಿದದ್ದು. ಆಮೇಲೆ ನಾನು ಒಂದೇ ಒಂದು ಬಟ್ಟೆ ಮಾಸ್ಕ್ ಹೊಲಿದಿಲ್ಲ. ಆಸ್ಪತ್ರೆಯ ಬಾಗಿಲಿನವರೆಗೆ ನಮ್ಮವರು ಹೋಗುವ ಪರಿಸ್ಥಿತಿಯೇ ಬರಬಾರದು ಅಂತ ಹಠ ಹಿಡಿದೆ.

2023ರ ಮೇ 5ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಮುಗಿಯಿತು ಅಂತ ಘೋಷಿಸಿತಲ್ಲ, ಆವತ್ತಿನಿಂದ ನನ್ನ ಕಷ್ಟ ಶುರುವಾಯಿತು. "ಕೊರೊನಾನೇ ಹೋಯ್ತು, ಇವಳದಿನ್ನೂ ಹೋಗಿಲ್ಲ" ಅನ್ನೋರು. ತುರ್ತು ಮುಗಿದಿದೆ, ಕಾಯಿಲೆ ಮುಗಿದಿಲ್ಲ ಅಂದರೆ ಕೇಳುವವರಿಲ್ಲ. ಬೇಲೂರಿನ ಒಬ್ಬ ಅಕ್ಕ ಹೇಳಿದ ಮಾತು ಮಾತ್ರ ನನ್ನನ್ನು ಕೂರಿಸಿಬಿಟ್ಟಿತು. "ಅರ್ಧ ಆಯಸ್ಸು ಮುಖ ಮುಚ್ಕೊಂಡೇ ಬದುಕ್ದೋ ಕಣವ್ವ. ಈಗ ಲಿಪ್‌ಸ್ಟಿಕ್ ಹಾಕ್ಕೊಂಡು ತಲೆ ಎತ್ತಿ ಬತ್ತೀವಿ, ನೀನು ಮತ್ತೆ ಮುಚ್ಚು ಅಂತೀಯ." ಇದಕ್ಕೆ ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ಉತ್ತರ ಬಾಯಲ್ಲಿ ಬರಲೂ ಇಲ್ಲ, ಕೊನೆಗೆ ಸೂಜಿಯಲ್ಲಿ ಬಂತು. ಅದು ಮುಂದೆ ಹೇಳುತ್ತೇನೆ.

ಮೊದಲು ಮಾಡಿದ ದೊಡ್ಡ ತಪ್ಪು: "ಆರೋಗ್ಯ ಸರಿಯಿಲ್ಲದವರು ಬಂದ ದಿನ ಎಲ್ಲರೂ ಹಾಕಿಕೊಳ್ಳೋಣ" ಅಂತ ನಿಯಮ ಮಾಡಿದೆ. ಅದರಿಂದ ಆಗಿದ್ದೇನೆಂದರೆ, ಮಾಸ್ಕ್ ಹಾಕಿ ಅಂದ ದಿನ ಎಲ್ಲರೂ ಸುತ್ತ ನೋಡಿ, ಇವತ್ತು ಯಾರು ಬಂದಿದ್ದಾರೆ, ಯಾರಿಗೆ ಏನಿದೆ ಅಂತ ಲೆಕ್ಕ ಹಾಕತೊಡಗಿದರು. ಎ.ಆರ್.ಟಿ. ತೆಗೆದುಕೊಳ್ಳುತ್ತಿದ್ದ ಒಬ್ಬಳು ಬರುವುದನ್ನೇ ನಿಲ್ಲಿಸಿದಳು. ಅವಳ ಮನೆಗೆ ಹೋಗಿ ಕೈ ಹಿಡಿದು ಕ್ಷಮೆ ಕೇಳಿದೆ. ಅಂದಿನಿಂದ ಎಲ್ಲರಿಗೂ, ಎಲ್ಲ ಕೂಟಕ್ಕೂ, ಒಂದೇ ನಿಯಮ. ಎಲ್ಲರ ಮುಖದಲ್ಲೂ ಇದ್ದರೆ ಯಾರ ಕಾಯಿಲೆಯೂ ಯಾರಿಗೂ ಗೊತ್ತಾಗುವುದಿಲ್ಲ. ನೀವು ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಇನ್ನು ಮುಖದ ವಿಷಯ. ಮಾಸ್ಕ್ ಕಂಪನಿಗಳು ನಮ್ಮ ಮುಖ ನೋಡಿ ಮಾಡಿದ್ದಲ್ಲ. ಕಿವಿಗೆ ಸಿಕ್ಕಿಸುವ ಮಾಸ್ಕ್ ಜುಮಕಿಗೆ ತೊಡರುತ್ತದೆ, ಕೆನ್ನೆಯ ಪಕ್ಕ ಸೀಳು ಬಿಡುತ್ತದೆ. ತಲೆಗೆ ಎರಡು ಪಟ್ಟಿ ಬರುವಂಥದ್ದೇ ಬೇಕು. ಆದರೆ ಮಲ್ಲಿಗೆ ದಂಡೆ ಮುಡಿದವರಿಗೆ ಮೇಲಿನ ಪಟ್ಟಿ ಹೂವನ್ನು ಹಿಸುಕುತ್ತದೆ ಅಂತ ಕೆಳಗೆ ಎಳೆದುಕೊಳ್ಳುತ್ತಾರೆ, ಆಗ ಮೂಗಿನ ಹತ್ತಿರ ಸಡಿಲ. ಮೊದಮೊದಲು ಕಿವಿ ಮಾಸ್ಕಿಗೇ ಮೆಷಿನ್ನಿನಲ್ಲಿ ಎಲಾಸ್ಟಿಕ್ ಹೊಲಿದು ತಲೆಪಟ್ಟಿ ಮಾಡಿದೆ. ಸೂಜಿ ಹೊಕ್ಕ ಕಡೆಯೆಲ್ಲ ತೂತು, 40 ಮಾಸ್ಕ್ ಕಸಕ್ಕೆ. ಈಗ ಪಟ್ಟಿಯನ್ನು ತುರುಬಿನ ಬುಡಕ್ಕೆ ಸಿಕ್ಕಿಸಿ ಹೂವನ್ನು ಅದರ ಮೇಲೆ ಮುಡಿಸುತ್ತೇನೆ. ಪಟ್ಟಿ ಜಾರದ ಹಾಗೆ ಒಂದು ಸಣ್ಣ ಗಂಟು ಇದೆ, ಅದನ್ನು ಬರೆದರೆ ಅರ್ಥವಾಗುವುದಿಲ್ಲ. ಹಾಸನಕ್ಕೆ ಬನ್ನಿ, ಕಟ್ಟಿ ತೋರಿಸುತ್ತೇನೆ.

ಮೂಗುತಿ ಅಂಚಿಗೆ ಬರುವುದಿಲ್ಲವಾದ್ದರಿಂದ ಗಾಳಿ ಸೋರುವ ಭಯವಿಲ್ಲ. ಆದರೆ ಬಟ್ಟಲಿನ ಆಕಾರದ ಮಾಸ್ಕ್ ಮೂಗುತಿಯ ಮೇಲೆ ಒತ್ತಿ ನೋಯಿಸುತ್ತದೆ, ಒಳಪದರವೂ ಹರಿಯುತ್ತದೆ. ಅಮ್ಮ ಮೂಗುತಿ ತೆಗೆಯುವ ಮಾತೇ ಇಲ್ಲ. ಬಾತುಕೋಳಿ ಕೊಕ್ಕಿನ ಹಾಗೆ ಮುಂದೆ ಚಾಚಿದ ಮಾಸ್ಕ್ ಬರುತ್ತದಲ್ಲ, ಅದರಲ್ಲಿ ಮೂಗಿಗೆ ಜಾಗವಿದೆ. ಮಾತಾಡಿದರೂ ತುಟಿಗೆ ತಾಗುವುದಿಲ್ಲ, ಲಿಪ್‌ಸ್ಟಿಕ್ಕೂ ಉಳಿಯುತ್ತದೆ. ಇದು ಸಿಕ್ಕ ಮೇಲೆ ಅರ್ಧ ಜಗಳ ಮುಗಿಯಿತು. ಕವಾಟ ಇರುವುದನ್ನು ಮಾತ್ರ ತರಬೇಡಿ, ಹಾಕಿಕೊಂಡವರು ಬಿಟ್ಟ ಉಸಿರು ಅದರಲ್ಲಿ ಸೋಸದೆ ಹೊರಗೆ ಬರುತ್ತದೆ. ಕೇಂದ್ರ ಆರೋಗ್ಯ ಇಲಾಖೆ 2020ರ ಜುಲೈನಲ್ಲೇ ಅದು ಬೇಡ ಅಂದಿತ್ತು.

ಚಿಮಟ ಹಾಕಿ ಮುಖದ ಕೂದಲು ಕಿತ್ತುಕೊಳ್ಳುವ ನಮ್ಮವರಿಗೆ ಗಡ್ಡದ ತೊಂದರೆಯಿಲ್ಲ. ತೊಂದರೆ ಟ್ರಾನ್ಸ್ ಹುಡುಗರದು. ಹಾರ್ಮೋನ್ ತೆಗೆದುಕೊಂಡು ಮೂರು ವರ್ಷ ಕಾದು ಗಡ್ಡ ಬಂದವನಿಗೆ ಬೋಳಿಸು ಅನ್ನಲು ನನಗೆ ಬಾಯಿ ಬರಲಿಲ್ಲ. ಇಂಗ್ಲೆಂಡಿನ ಸಿಖ್ ವೈದ್ಯರು ಗಡ್ಡದ ಮೇಲೆ ರಬ್ಬರ್ ಪಟ್ಟಿ ಬಿಗಿದು, ಅದರ ಮೇಲೆ ಮಾಸ್ಕ್ ಹಾಕುವ 'ಸಿಂಗ್ ಠಾಠಾ' ಎಂಬ ಕ್ರಮ ಮಾಡಿಕೊಂಡಿದ್ದರು. ವ್ಯಾಯಾಮ ಮಾಡುವವರ ಅಗಲವಾದ ರಬ್ಬರ್ ಪಟ್ಟಿಯನ್ನು 300 ರೂಪಾಯಿಗೆ ತಂದು ನಾನೂ ಕಟ್ಟಿ ನೋಡಿದೆ. ಸೆಕೆಯೇನೋ ಹೌದು, ಆದರೆ ಹಿಡಿಯುತ್ತದೆ. ಆ ಹುಡುಗರಿಗೆ ಇನ್ನೊಂದು ಕಷ್ಟ, ಎದೆ ಚಪ್ಪಟೆಯಾಗಿ ಕಾಣಲೆಂದು ಬಿಗಿಯುವ ಬೈಂಡರ್. ಬೈಂಡರೂ ಎನ್-95ವೂ ಸೇರಿದರೆ ಮೆಟ್ಟಿಲು ಹತ್ತುವಾಗಲೇ ಏದುಸಿರು. ಕೂಟದ ದಿನಕ್ಕೆಂದೇ ಪಕ್ಕದಲ್ಲಿ ಹುಕ್ಸ್ ಇಟ್ಟ ಸ್ವಲ್ಪ ಸಡಿಲ ಬೈಂಡರ್ ಹೊಲಿದುಕೊಟ್ಟೆ. ಅದಕ್ಕೆ ಈಗ ಬೆಂಗಳೂರಿನಿಂದಲೂ ಆರ್ಡರ್ ಬರುತ್ತಿದೆ.

ಮಾಸ್ಕ್ ಕೂತಿದೆಯೋ ಇಲ್ಲವೋ ಅಂತ ಕಣ್ಣಲ್ಲಿ ನೋಡಿ ಹೇಳುವುದನ್ನು ನಾನು ಬಿಟ್ಟೆ. ಸಕ್ಕರೆಯ ಬದಲು ಬಳಸುವ ಸ್ಯಾಕರಿನ್ ಮಾತ್ರೆ ಕರಗಿಸಿದ ನೀರನ್ನು ನೆಬ್ಯುಲೈಸರ್‌ನಲ್ಲಿ ಹಾಕಿ, ಪಾರದರ್ಶಕ ಮೇಜುಹಾಸಿನಿಂದ ನಾನೇ ಹೊಲಿದ ಟೋಪಿಯೊಳಗೆ ಮಂಜು ಬಿಡುತ್ತೇನೆ. ಮಾಸ್ಕ್ ಇಲ್ಲದೆ ಸಿಹಿ ಗೊತ್ತಾಗಬೇಕು, ಮಾಸ್ಕ್ ಹಾಕಿ ತಲೆ ಆಡಿಸಿ ಮಾತಾಡಿದರೂ ಸಿಹಿ ಬರಬಾರದು. ಅಮ್ಮ "ನಂಗೆ ಸಕ್ಕರೆ ಐತೆ ಕಣೇ" ಅಂತ ಎದ್ದು ಹೋಗಿದ್ದರು, ಇದು ಸಕ್ಕರೆಯಲ್ಲ ಅಂತ ಡಬ್ಬಿ ತೋರಿಸಿ ಕೂರಿಸಿದೆ. ನೀರಿಗೆ ಎಷ್ಟು ಮಾತ್ರೆ ಎಂಬುದು ನನ್ನಲ್ಲೇ ಇರಲಿ, 11 ಸಲ ಕೆಡಿಸಿ ಕಲಿತದ್ದು. ಈ ಪರೀಕ್ಷೆಯಿಂದಲೇ ಒಂದು ಮೋಸವೂ ಬಯಲಾಯಿತು. ಆನ್‌ಲೈನಿನಲ್ಲಿ ಒಂದಕ್ಕೆ 9 ರೂಪಾಯಿಯಂತೆ 300 ಮಾಸ್ಕ್ ತರಿಸಿದ್ದೆ. ಇಂಥ ಮಾಸ್ಕಿನ ಭಾರತೀಯ ಮಾನದಂಡದ ಸಂಖ್ಯೆ ಐಎಸ್ 9473 ಅಂತ ಅಚ್ಚೂ ಇತ್ತು. ಹಾಕಿದ ಎಲ್ಲರಿಗೂ ಸಿಹಿ ಬಂತು. 2,700 ರೂಪಾಯಿ ಹೋಯಿತು.

ಬೇಲೂರಿನ ಅಕ್ಕನ ಮಾತಿಗೆ ಬರುತ್ತೇನೆ. ಒಂದು ದಿನ ಗಿರಾಕಿಯ ಜಾರ್ಜೆಟ್ ಸೀರೆಯ ತುಂಡು ಉಳಿದಿತ್ತು. ಅದರಲ್ಲಿ ಮಾಸ್ಕಿನ ಮೇಲೆ ಹಾಕುವ ತೆಳು ಹೊದಿಕೆ ಹೊಲಿದೆ, ಅಂಚಿಗೆ ಸಣ್ಣ ಜರಿ. ಅಂಚನ್ನು ಎಳೆಯದ ಹಾಗೆ ಪಟ್ಟಿಗೆ ಮಾತ್ರ ಕಟ್ಟಬೇಕು, ಸ್ಯಾಕರಿನ್ ಪರೀಕ್ಷೆ ಮತ್ತೆ ಮಾಡಬೇಕು. ಮುಂದಿನ ತಿಂಗಳು ಆ ಅಕ್ಕ ಮೆರೂನ್ ಸೀರೆಗೆ ಮೆರೂನ್ ಹೊದಿಕೆ ಹಾಕಿಕೊಂಡು ಬಂದಳು. ಅದಾದ ಮೇಲೆ ಸೀರೆ ತುಂಡು ಹಿಡಿದು ಸಾಲಾಗಿ ಬಂದರು. ಇಂಥ ಮ್ಯಾಚಿಂಗ್ ಹಾಸನದಲ್ಲಿ ಇನ್ನೊಬ್ಬರು ಹೊಲಿಯಲಾರರು, ಧೈರ್ಯವಾಗಿ ಹೇಳುತ್ತೇನೆ. ಫೋಟೊ ಬೇಕಾದವರಿಗೆ ಟೆರೇಸಿನ ಮೇಲೆ ಮಾಸ್ಕ್ ತೆಗೆಸಿ ತೆಗೆಯುತ್ತೇವೆ. ಊಟವೂ ಅಲ್ಲೇ, ಮಳೆ ಬಂದರೆ ಟಾರ್ಪಾಲ್ ಕೆಳಗೆ ಮುದ್ದೆ ಬಸ್ಸಾರು. ಮೊದಲ ಆರು ತಿಂಗಳು ಒಳಗೆ ಮಾಸ್ಕ್ ಹಾಕಿ ಕೂತು, ಊಟಕ್ಕೆ ಅಲ್ಲೇ ತೆಗೆದು ಕೂರುತ್ತಿದ್ದೆವು. ಅಷ್ಟೂ ಶ್ರಮ ನೀರಿನಲ್ಲಿ ಹೋಮ.

ಆಷಾಢದ ಮಳೆಯಲ್ಲಿ ಕಿಟಕಿ ಮುಚ್ಚಿದರೆ ರೂಮಿನ ಗಾಳಿ ಏನಾಗುತ್ತದೆ ಅಂತ ತಿಳಿಯಲು, ಬಿಟ್ಟ ಉಸಿರು ಎಷ್ಟು ತುಂಬಿಕೊಂಡಿದೆ ಅಂತ ಅಂಕಿಯಲ್ಲಿ ತೋರಿಸುವ ಕಾರ್ಬನ್ ಡೈಆಕ್ಸೈಡ್ ಮೀಟರ್ ತಂದೆ. 1,600 ರೂಪಾಯಿಯದು. ಅತ್ತರ್ ಹಾಕಿಕೊಂಡವರು ಒಳಗೆ ಬಂದರೆ ಸಾಕು, ಅಂಕಿ ಏರುತ್ತಿತ್ತು. ಅದರಲ್ಲಿ ನಿಜವಾದ ಸೆನ್ಸರ್ ಇರಲೇ ಇಲ್ಲ. ಅತಿಗೆಂಪು ಬೆಳಕಿನಿಂದ ಅಳೆಯುವ ಎನ್.ಡಿ.ಐ.ಆರ್. ಸೆನ್ಸರ್ ಇರುವುದಕ್ಕೆ 9,000 ಹತ್ತಿರ ಆಯಿತು. ಹೊರಗೆ 430 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇಷ್ಟು ಪಾಲು) ಇದ್ದರೆ, 22 ಜನ ಕಿಟಕಿ ಮುಚ್ಚಿ ಕೂತ 40 ನಿಮಿಷಕ್ಕೆ 2,400 ದಾಟಿತು! ಎದುರುಬದುರು ಎರಡು ಕಿಟಕಿ ಕೈಯಗಲ ತೆರೆದಿದ್ದಕ್ಕೆ 900ರ ಸುತ್ತ ನಿಂತಿತು. ಚಳಿಗೆ ಶಾಲು ತಂದುಕೊಳ್ಳಿ ಅಂದೆ.

ಆಮೇಲೆ, ಫ್ಯಾನಿಗೆ ಫಿಲ್ಟರ್ ಕಟ್ಟಿ ರೂಮಿನ ಗಾಳಿ ಸೋಸುವ ಕೊರ್ಸಿ-ರೋಸೆಂಥಾಲ್ ಡಬ್ಬಿಯ ಹುಚ್ಚು ಹಿಡಿಯಿತು. ಅಮೆರಿಕದಲ್ಲಿ ಅದಕ್ಕೆ ಬಳಸುವ 20 ಇಂಚಿನ ಚೌಕ ಫ್ಯಾನ್ ನನಗೆ ಇಲ್ಲಿ ಸಿಗಲಿಲ್ಲ. ಟೇಬಲ್ ಫ್ಯಾನ್ ಇಟ್ಟೆ, ಮೂಲೆಗಳಿಂದ ಗಾಳಿ ವಾಪಸ್ ಒಳಗೇ ಹೋಗುತ್ತಿತ್ತು. ರಟ್ಟಿನ ಬಳೆ ಮಾಡಿ ಮೂಲೆ ಮುಚ್ಚಿದರೂ ಬಲ ಸಾಲಲಿಲ್ಲ. 12 ಇಂಚಿನ ಎಕ್ಸಾಸ್ಟ್ ಫ್ಯಾನ್ ಮತ್ತು ಬೆಂಗಳೂರಿನ ಪೀಣ್ಯದಿಂದ ತರಿಸಿದ, ಸಣ್ಣ ಕಣ ಹಿಡಿಯುವ ಮರ್ವ್-13 ದರ್ಜೆಯ ನಾಲ್ಕು ಫಿಲ್ಟರ್ ಸೇರಿಸಿ ಮಾಡಿದ ಮೂರನೇ ಡಬ್ಬಿ ಕೆಲಸ ಮಾಡಿತು, 7,500 ಆಗಿರಬೇಕು. ಡಬ್ಬಿ ಓಡಿದರೂ ಮೀಟರ್ ಇಳಿಯಲಿಲ್ಲ ಅಂತ ಹುಡುಗರು ಸಂಶಯಪಟ್ಟರು. ಅದು ಕಣಗಳನ್ನು ಹಿಡಿಯುತ್ತದೆ, ಕಾರ್ಬನ್ ಡೈಆಕ್ಸೈಡನ್ನಲ್ಲ. ಒಂದು ಕಟ್ಟು ಅಗರಬತ್ತಿ ಹಚ್ಚಿ ಹೊಗೆ ತುಂಬಿಸಿ ಡಬ್ಬಿ ಹಾಕಿದೆ. ಕಾಲು ಗಂಟೆಯಲ್ಲಿ ಎದುರು ಗೋಡೆ ಕಂಡಿತು. ಸದ್ದು ಮಾತ್ರ ಜಾಸ್ತಿ, ಮಾತಾಡಲು ಗಂಟಲು ಏರಿಸಬೇಕು. ಅದನ್ನು ಇನ್ನೂ ಸರಿಮಾಡಲು ಆಗಿಲ್ಲ.

ದುಡ್ಡು. ಒಬ್ಬರಿಗೆ ತಿಂಗಳಿಗೆ ಎರಡು ಮಾಸ್ಕ್, ಇನ್ನೂರು ಮಾಸ್ಕ್ ಒಟ್ಟಿಗೆ ತಂದರೆ ಒಂದಕ್ಕೆ 45 ರೂಪಾಯಿಯ ಆಸುಪಾಸು. ತೊಳೆಯಬೇಡಿ, ಕಣಗಳನ್ನು ಸೆಳೆದು ಹಿಡಿಯುವ ನೂಲಿನ ಸ್ಥಾಯೀ ವಿದ್ಯುತ್ ಹೋಗುತ್ತದೆ. ಕಾಗದದ ಕವರಿನಲ್ಲಿ ನಾಲ್ಕೈದು ದಿನ ಇಟ್ಟು ಸರದಿಯಲ್ಲಿ ಹಾಕಿ. ಮೊದಲ ವರ್ಷ ಎಲ್ಲ ನನ್ನ ಕೈಯಿಂದ, ಚಿನ್ನದ ಓಲೆ ಒಂದು ಜೊತೆ ಹೋಯಿತು. ಈಗ ಪ್ರತಿ ಬ್ಲೌಸಿನಿಂದ 10 ರೂಪಾಯಿ ಕಾಸಿನ ಡಬ್ಬಿಗೆ, ಸಂಬಳ ಇರುವವರು 50 ಕೊಡುತ್ತಾರೆ, ಅಮ್ಮ ಅಂಗಡಿಗಳಲ್ಲಿ ಎತ್ತಿದ ಕಲೆಕ್ಷನ್ ದುಡ್ಡಿನಲ್ಲಿ ಒಮ್ಮೆ 5,000 ಕೊಟ್ಟರು. ಎಲ್ಲ ಸೇರಿ ಇಲ್ಲಿಯವರೆಗೆ ಒಂದು ಲಕ್ಷದ ಹತ್ತಿರ.

2023ರ ಡಿಸೆಂಬರಿನಲ್ಲಿ ಕೊರೊನಾದ ಹೊಸ ರೂಪ ಜೆಎನ್.1 ಬಂದು, 60 ದಾಟಿದವರು ಮಾಸ್ಕ್ ಹಾಕಿ ಅಂತ ರಾಜ್ಯ ಸರ್ಕಾರವೇ ಹೇಳಿದಾಗ ನನಗೆ ಸ್ವಲ್ಪ ಬಲ ಬಂದಿತ್ತು. ನಿಜವಾದ ಪರೀಕ್ಷೆ 2025ರ ಜೂನ್. ಕೇಸು ಮತ್ತೆ ಏರಿದ ಹೊತ್ತಿನಲ್ಲಿ ನಮ್ಮವರು ಏಳು ಜನ ಒಂದು ಮದುವೆಗೆ ಹೋಗಿ ಬಂದರು. ಎರಡನೇ ಭಾನುವಾರ ಕೂಟಕ್ಕೂ ಬಂದರು. ಮಂಗಳವಾರದ ಹೊತ್ತಿಗೆ ಅವರಲ್ಲಿ ನಾಲ್ವರಿಗೆ ಜ್ವರ, ಮನೆಯ ಕಿಟ್‌ನಲ್ಲಿ ಎರಡು ಗೆರೆ. ನಾನು ಹತ್ತು ದಿನ ನಿದ್ದೆ ಮಾಡಲಿಲ್ಲ. ಕೂಟದಲ್ಲಿ ಅವರ ಜೊತೆ ಮೂರು ಗಂಟೆ ಕೂತಿದ್ದ ಬೇರೆ ಯಾರಿಗೂ ಏನೂ ಆಗಲಿಲ್ಲ. ಕಿಡ್ನಿಯ ಹುಡುಗನಿಗೂ ಇಲ್ಲ, ಅಮ್ಮನಿಗೂ ಇಲ್ಲ. ಅದೇ ದಿನಗಳಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಟಿವಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಓಡುತ್ತಿತ್ತು, ಊರಿಗೆ ಊರೇ ಹೆದರಿತ್ತು. ನಮ್ಮ ಕೂಟದಲ್ಲಿ ಮಾತ್ರ "ಮಾಸ್ಕ್ ಯಾಕೆ" ಅನ್ನುವ ಪ್ರಶ್ನೆ ಆ ತಿಂಗಳಿಗೇ ನಿಂತಿತು.

ಅಮ್ಮನಿಗೆ ಹಾಸನಾಂಬೆಯ ದರ್ಶನದ ಆಸೆ. ಬಾಗಿಲು ತೆರೆಯುವುದೇ ವರ್ಷಕ್ಕೊಮ್ಮೆ, ಅಷ್ಟು ಜನರ ನಡುವೆ ಹೋಗಬೇಡಿ ಅಂತ ಐದಾರು ವರ್ಷ ತಡೆದಿದ್ದೆ. ಹೋದ ಅಕ್ಟೋಬರಿನಲ್ಲಿ ತಡೆಯಲಿಲ್ಲ. ಬೆಳಗಿನ ಜಾವ ಮೂರಕ್ಕೆ ಸಾಲು ಸೇರಿದೆವು. ಕೊಕ್ಕಿನ ಮಾಸ್ಕ್, ಮೇಲೆ ಅರಿಸಿನ ಬಣ್ಣದ ಹೊದಿಕೆ, ತುರುಬಿಗೆ ನನ್ನ ಗಂಟು, ಅದರ ಮೇಲೆ ಮಲ್ಲಿಗೆ. ಐದು ಗಂಟೆ ಅಮ್ಮ ಅದನ್ನು ಕೆಳಗಿಳಿಸಲಿಲ್ಲ. ಗರ್ಭಗುಡಿಯ ಮುಂದೆ ಕಣ್ಣೀರು ಹರಿದು ಮಾಸ್ಕಿನ ಅಂಚು ನೆನೆದದ್ದು ಕಂಡಿತು. ಹೊರಗೆ ಬಂದ ಕೂಡಲೇ ಬೇರೆ ಹಾಕಿಸಿದೆ. ಎಂಟನೇ ದಿನದವರೆಗೂ ದಿನಾ ಬೆಳಿಗ್ಗೆ ಥರ್ಮಾಮೀಟರ್ ಹಿಡಿದು ಅವರ ಮನೆಗೆ ಹೋದೆ. 98 ದಾಟಲಿಲ್ಲ.

ತುಮಕೂರಿನವರು ಈಗ 100 ಮಾಸ್ಕ್ ಕಳಿಸು ಅಂದಿದ್ದಾರೆ. ಯಾರಿಗೆ ಮೂಗುತಿ ಇದೆ, ಯಾರಿಗೆ ಗಡ್ಡ, ಯಾರು ತುರುಬು ಕಟ್ಟುತ್ತಾರೆ, ಯಾರದು ಕ್ರಾಪು ಅಂತ ಬರೆದು ಕಳಿಸಿ ಅಂದಿದ್ದೇನೆ. ಆ ಪಟ್ಟಿ ಬಂದ ಮೇಲೇ ಪಾರ್ಸೆಲ್ ಹೋಗುವುದು.