ಸ್ಲೀಪ್ ಸ್ಟಡಿ, ಸಿಪ್ಯಾಪ್ ಮಷೀನು, ಮಾಸ್ಕ್: ನನ್ನ ಅನುಭವ

ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಪದೇ ಪದೇ ಉಸಿರು ನಿಲ್ಲುವ ತೊಂದರೆ ಇದೆ ಅಂತ ಗೊತ್ತಾಗಿ, ಸಾಲ ಮಾಡಿ ಮಾಸ್ಕಿನ ಮೂಲಕ ಗಾಳಿ ಕೊಡುವ ಸಿಪ್ಯಾಪ್ ಮಷೀನು ತಂದು, ಕೊನೆಗೆ ಅದನ್ನು ಅಟ್ಟಕ್ಕೆ ಹಾಕಿದವರು ನನಗೆ ಗೊತ್ತಿದ್ದವರಲ್ಲೇ ಇದ್ದಾರೆ. ಮಷೀನು ಕೆಟ್ಟಿರಲಿಲ್ಲ. ಮಾಸ್ಕ್ ಹೊಂದಲಿಲ್ಲ, ಅಷ್ಟೇ. ಅದಕ್ಕೇ ನನಗೆ ಅದು ಹೇಗೆ ಹೊಂದಿತು ಅಂತ ಬರೆಯುತ್ತಿದ್ದೇನೆ.

ನನಗೆ ಗೊರಕೆ ಮೊದಲಿನಿಂದಲೂ ಇತ್ತು. ಗೊರಕೆ ಹೊಡೆಯುವವರಿಗೆ ಒಳ್ಳೆ ನಿದ್ದೆ ಅಂತ ಮನೆಗಳಲ್ಲಿ ಹೇಳುತ್ತಾರಲ್ವಾ. ಆದರೆ ಬೆಳಿಗ್ಗೆ ಎದ್ದರೆ ತಲೆ ಭಾರ, ಬಾಯಿ ಒಣಗಿರುತ್ತಿತ್ತು, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳಬೇಕಿತ್ತು. ಶುಗರ್ ಇರಬಹುದು ಅಂತ ಟೆಸ್ಟ್ ಮಾಡಿಸಿದರೆ ನಾರ್ಮಲ್. ಬಿಪಿ ಮಾತ್ರ ಮಾತ್ರೆ ಹೆಚ್ಚಿಸಿದರೂ ಇಳಿಯುತ್ತಿರಲಿಲ್ಲ. ತುಮಕೂರು ರಸ್ತೆಯಲ್ಲಿ ಗಾಡಿ ಓಡಿಸುವಾಗ ಸಿಗ್ನಲ್ ಬಿದ್ದರೆ ಸಾಕು, ಕಣ್ಣು ಎಳೆಯುತ್ತಿತ್ತು. ಅದು ನಿಜಕ್ಕೂ ಹೆದರಿಕೆಯ ವಿಷಯ.

ಡಾಕ್ಟರ್ ಹತ್ತಿರ ಹೋಗುವಾಗ ಪಕ್ಕದಲ್ಲಿ ಮಲಗುವವರನ್ನು ಕರೆದುಕೊಂಡು ಹೋಗಿ. ನಿದ್ದೆಯಲ್ಲಿ ಏನಾಗುತ್ತದೆ ಅಂತ ನಮಗೆ ಗೊತ್ತಿರುವುದಿಲ್ಲ. "ಗೊರಕೆ ಹೊಡೀತಾ ಹೊಡೀತಾ ಸುಮ್ನಾಗಿಬಿಡ್ತಾರೆ ಡಾಕ್ಟ್ರೇ, ಉಸಿರೇ ಇರಲ್ಲ, ಆಮೇಲೆ ಬೆಚ್ಚಿಬಿದ್ದ ಹಾಗೆ ಉಸಿರು ಎಳ್ಕೋತಾರೆ" ಅಂತ ನನ್ನ ಹೆಂಡತಿ ಹೇಳಿದ ಮೇಲೆ ಡಾಕ್ಟರ್ ಬೇರೆ ಏನೂ ಜಾಸ್ತಿ ಕೇಳಲಿಲ್ಲ. ಕುತ್ತಿಗೆ ಅಳತೆ ತೆಗೆದರು, ಬಾಯಿ ತೆರೆಸಿ ಗಂಟಲು ನೋಡಿದರು, ಹಗಲು ಎಲ್ಲೆಲ್ಲಿ ತೂಕಡಿಕೆ ಬರುತ್ತದೆ ಅಂತ 8 ಪ್ರಶ್ನೆಗಳ ಒಂದು ಹಾಳೆ ತುಂಬಿಸಿದರು. ಅದಕ್ಕೆ ಎಪ್ವರ್ತ್ ಸ್ಕೇಲ್ ಅಂತಾರೆ. 24ರಲ್ಲಿ 10ಕ್ಕಿಂತ ಜಾಸ್ತಿ ಬಂದರೆ ತೂಕಡಿಕೆ ಮಿತಿ ಮೀರಿದೆ ಅಂತ ಅರ್ಥ.

ಆಮೇಲೆ ಸ್ಲೀಪ್ ಸ್ಟಡಿಗೆ ಬರೆದುಕೊಟ್ಟರು, ಅಂದರೆ ರಾತ್ರಿ ಲ್ಯಾಬಿನಲ್ಲಿ ಮಲಗಿಸಿ ನಿದ್ದೆ, ಉಸಿರು ನೋಡುವ ಟೆಸ್ಟ್. ಮನೆಯಲ್ಲೇ ಮಾಡುವ ಸಣ್ಣ ಟೆಸ್ಟ್ ಕೂಡ ಇದೆ. ಆದರೆ ಸಾಮಾನ್ಯವಾಗಿ ಅದರಲ್ಲಿ ಮಿದುಳಿನ ಚಟುವಟಿಕೆ ನೋಡಲು ತಲೆಗೆ ಅಂಟಿಸುವ ವೈರುಗಳು ಇರುವುದಿಲ್ಲ. ನೀವು ನಿಜಕ್ಕೂ ಎಷ್ಟು ಹೊತ್ತು ನಿದ್ದೆ ಮಾಡಿದಿರಿ ಅಂತ ಅದಕ್ಕೆ ಗೊತ್ತಾಗುವುದಿಲ್ಲ, ಹಾಗಾಗಿ ತೊಂದರೆ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ನಾನು ಲ್ಯಾಬಿಗೇ ಹೋದೆ.

ಹೋಗುವ ದಿನ ತಲೆಸ್ನಾನ ಮಾಡಿ, ಎಣ್ಣೆ ಹಚ್ಚಬೇಡಿ. ಎಣ್ಣೆ ಇದ್ದರೆ ವೈರು ಅಂಟುವುದಿಲ್ಲ. ಮಧ್ಯಾಹ್ನದ ಮೇಲೆ ಕಾಫಿ ಬೇಡ ಅಂದಿದ್ದರು, ಅದೇ ನನಗೆ ಕಷ್ಟವಾಗಿದ್ದು. ತಲೆ, ಕಣ್ಣಿನ ಪಕ್ಕ, ಗದ್ದ, ಎದೆ, ಕಾಲು ಎಲ್ಲಾ ಕಡೆ ವೈರು ಅಂಟಿಸಿ, ಎದೆಗೆ ಹೊಟ್ಟೆಗೆ ಒಂದೊಂದು ಬೆಲ್ಟ್ ಕಟ್ಟಿ, ಮೂಗಿಗೆ ಸಣ್ಣ ಟ್ಯೂಬು, ಬೆರಳಿಗೆ ಆಕ್ಸಿಜನ್ ಕ್ಲಿಪ್ ಹಾಕುತ್ತಾರೆ. ಇಷ್ಟೆಲ್ಲಾ ಇಟ್ಟುಕೊಂಡು ನಿದ್ದೆ ಬರುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಬರುತ್ತದೆ. ಮನೆಯಷ್ಟು ಚೆನ್ನಾಗಿ ಬರಲ್ಲ, ಆದರೆ ಟೆಸ್ಟಿಗೆ ಅಷ್ಟು ಸಾಕು. ನೋವು ಒಂಚೂರೂ ಇಲ್ಲ.

ಉಸಿರು 10 ಸೆಕೆಂಡಾದರೂ ನಿಂತರೆ, ಅಥವಾ ತುಂಬಾ ಕಡಿಮೆಯಾಗಿ ಆಕ್ಸಿಜನ್ ಇಳಿದರೆ ಅದನ್ನು ಒಂದು ಸಲ ಅಂತ ಎಣಿಸುತ್ತಾರೆ. ಗಂಟೆಗೆ ಸರಾಸರಿ ಎಷ್ಟು ಅನ್ನುವುದೇ ಎಹೆಚ್‌ಐ. ದೊಡ್ಡವರಿಗೆ 5ರ ಒಳಗೆ ಇದ್ದರೆ ಸರಿ, 15ರವರೆಗೆ ಸ್ವಲ್ಪ, 30ರವರೆಗೆ ಮಧ್ಯಮ, 30 ದಾಟಿದರೆ ತೀವ್ರ. ನನ್ನದು 42. ರಕ್ತದ ಆಕ್ಸಿಜನ್ ಶೇಕಡಾ 78ಕ್ಕೆ ಇಳಿದಿತ್ತು. ರಿಪೋರ್ಟಿನಲ್ಲಿ ಅಂಗಾತ ಮಲಗಿದಾಗ ಎಷ್ಟು, ಮಗ್ಗುಲಾದಾಗ ಎಷ್ಟು ಅಂತ ಬೇರೆ ಬೇರೆ ಕೊಟ್ಟಿರುತ್ತಾರೆ, ಅದನ್ನೂ ನೋಡಿ. ಅಂಗಾತ ಮಲಗಿದರೆ ನನಗೆ ತುಂಬಾ ಜಾಸ್ತಿ.

ಮೆತ್ತಗಿನ ಸ್ಟ್ರಾದಲ್ಲಿ ಜೋರಾಗಿ ಹೀರಿದರೆ ಅದು ಒಳಗೆ ಮುದುಡುತ್ತದಲ್ಲ, ನಿದ್ದೆಯಲ್ಲಿ ಸಡಿಲವಾದ ಗಂಟಲೂ ಹಾಗೇ. ಮಷೀನು ಗಾಳಿಯನ್ನು ಸ್ವಲ್ಪ ಒತ್ತಡದಲ್ಲಿ ಕಳಿಸಿ ದಾರಿ ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ಅದು ಆಕ್ಸಿಜನ್ ಸಿಲಿಂಡರ್ ಅಲ್ಲ, ಬರೀ ರೂಮಿನ ಗಾಳಿ. 1981ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ಕಾಲಿನ್ ಸಲಿವನ್ ಮತ್ತು ಜೊತೆಯವರು ಈ ಚಿಕಿತ್ಸೆಯ ಬಗ್ಗೆ ಮೊದಲು ಬರೆದರು. ಅದಕ್ಕೂ ಮೊದಲು ಉಸಿರಾಡಲು ಗಂಟಲಲ್ಲಿ ತೂತು ಮಾಡುವುದೇ ಖಚಿತವಾದ ದಾರಿಯಾಗಿತ್ತು ಅಂತ ಓದಿದಾಗ ನಮ್ಮ ಕಾಲ ಎಷ್ಟೋ ಮೇಲು ಅನ್ನಿಸಿತು.

ಲ್ಯಾಬಿನಲ್ಲಿ ಟೆಸ್ಟಿನ ರಾತ್ರಿಯೇ ಅರ್ಧಕ್ಕೆ ಟೆಕ್ನಿಷಿಯನ್ ಬಂದು ಮಾಸ್ಕ್ ಹಾಕಿ, ಪ್ರೆಶರ್ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ನನಗೆ ಎಷ್ಟು ಬೇಕು ಅಂತ ನೋಡಿದ್ದರು. ಬೆಳಿಗ್ಗೆ ತಲೆಭಾರ ಇರಲಿಲ್ಲ.

ಮಷೀನು ಮನೆಗೆ ತಂದ ಮೇಲೆ ಬೇರೆ ಕಥೆ. ನಾನು ಮೊದಲು ಬಾಡಿಗೆಗೆ ತಂದೆ, ನೀವೂ ಹಾಗೇ ಮಾಡಿ. ಮೂಗು ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕ್ ಕೊಟ್ಟಿದ್ದರು. ನನ್ನ ಮೀಸೆಗೆ ಅದು ಸರಿಯಾಗಿ ಕೂರಲಿಲ್ಲ, ಗಾಳಿ ಕಣ್ಣಿಗೆ ಹೊಡೆಯುತ್ತಿತ್ತು. ಪಟ್ಟಿ ಬಿಗಿ ಮಾಡಿದರೆ ಲೀಕ್ ಇನ್ನೂ ಜಾಸ್ತಿ, ಮೂಗಿನ ಮೇಲೆ ಗಾಯ ಬೇರೆ. ಸಡಿಲ ಬಿಟ್ಟು, ಮಲಗಿಕೊಂಡೇ ಮಷೀನು ಹಾಕಿ ಪಟ್ಟಿ ಸರಿ ಮಾಡಿದರೆ ಪರವಾಗಿಲ್ಲ ಅನ್ನಿಸಿತು. ಆಮೇಲೆ ಮೂಗಿನ ಹೊಳ್ಳೆಗೆ ಕೂರುವ ಪಿಲ್ಲೋ ಮಾಸ್ಕ್ ಕೇಳಿ ತೆಗೆದುಕೊಂಡೆ. ನನಗೆ ಅದೇ ಹೊಂದಿದ್ದು. ಮೂಗು ಕಟ್ಟುವವರಿಗೆ, ಬಾಯಿ ಬಿಟ್ಟು ಮಲಗುವವರಿಗೆ ಇದು ಆಗಲಿಕ್ಕಿಲ್ಲ. ನಾಲ್ಕು ಥರ ಹಾಕಿ ನೋಡದೆ ಯಾವುದನ್ನೂ ಕೊಳ್ಳಬೇಡಿ.

ಉಸಿರು ಬಿಡಲು ಕಷ್ಟ ಅನ್ನಿಸಿದರೆ ರ‍್ಯಾಂಪ್ ಅನ್ನುವ ಸೆಟ್ಟಿಂಗ್ ಹಾಕಿ, ಪ್ರೆಶರ್ ಮೆಲ್ಲಗೆ ಏರುತ್ತದೆ. ನಾನು ಸಂಜೆ ಟಿವಿ ನೋಡುತ್ತಾ ಎಚ್ಚರವಿದ್ದಾಗಲೇ ಮಾಸ್ಕ್ ಹಾಕಿಕೊಂಡು ಕೂರುತ್ತಿದ್ದೆ, ಅದರಿಂದ ಉಸಿರುಗಟ್ಟುವ ಭಯ ಹೋಯಿತು. ಗಂಟಲು ಒಣಗುತ್ತಿದ್ದದ್ದು ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಹಾಕಿದ ಮೇಲೆ ನಿಂತಿತು. ಅದಕ್ಕೆ ಡಿಸ್ಟಿಲ್ಡ್ ವಾಟರೇ ಹಾಕಿ, ಬೋರ್ ನೀರಾದರೆ ಬಿಳಿ ಕರೆ ಕಟ್ಟುತ್ತದೆ. ಮಾಸ್ಕಿನ ಮೆತ್ತೆಯನ್ನು ದಿನಾ ಸೋಪಿನ ನೀರಲ್ಲಿ ತೊಳೆಯಬೇಕು, ಮುಖದ ಜಿಡ್ಡು ಕೂತರೆ ಮತ್ತೆ ಲೀಕ್ ಶುರು.

ರಾತ್ರಿ ಕರೆಂಟ್ ಹೋದರೆ ಏನು ಗತಿ ಅಂತ ಮನೆಯವರಿಗೆ ಭಯ. ಮಾಸ್ಕಿನಲ್ಲಿ ಗಾಳಿ ಆಡುವ ತೂತುಗಳಿವೆ, ಉಸಿರು ಕಟ್ಟುವುದಿಲ್ಲ, ಎಚ್ಚರ ಆಗುತ್ತದೆ ಅಂತ ಟೆಕ್ನಿಷಿಯನ್ ಮಷೀನು ಆಫ್ ಮಾಡಿ ತೋರಿಸಿದ ಮೇಲೆ ಸಮಾಧಾನ ಆಯಿತು. ಈಗ ಯುಪಿಎಸ್‌ಗೆ ಸೇರಿಸಿದ್ದೇನೆ. ಹ್ಯುಮಿಡಿಫೈಯರ್ ನೀರು ಬಿಸಿ ಮಾಡುವುದನ್ನು ಆಫ್ ಮಾಡಿದರೆ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ.

ನನಗೆ ಮೊದಲು ಬದಲಾಗಿದ್ದು ರಾತ್ರಿ ಮೂತ್ರಕ್ಕೆ ಏಳುವುದು. ಅದು ಬೇಗನೇ ನಿಂತಿತು. ಗಾಡಿಯಲ್ಲಿ ತೂಕಡಿಕೆ ಹೋಗಲು ಇನ್ನಷ್ಟು ದಿನ ಬೇಕಾಯಿತು, ಬಿಪಿ ನಿಧಾನವಾಗಿ ಹತೋಟಿಗೆ ಬಂತು. ಮಷೀನಿನಲ್ಲೇ ದಿನದ ಎಹೆಚ್‌ಐ ಕಾಣಿಸುತ್ತದೆ, ಈಗ 5ರ ಒಳಗೇ ಇದೆ. ತೂಕ ಇಳಿಸಲು ಹೇಳಿದ್ದಾರೆ, ನಡೆಯುವುದು ಶುರು ಮಾಡಿದ್ದೇನೆ. ಇಳಿದ ಮೇಲೆ ಮತ್ತೊಂದು ಸ್ಟಡಿ ಮಾಡಿ ಪ್ರೆಶರ್ ಕಡಿಮೆ ಮಾಡಬಹುದಾ ನೋಡೋಣ ಅಂದಿದ್ದಾರೆ. ಅಲ್ಲಿಯವರೆಗೆ ಮಧ್ಯಾಹ್ನ ಒಂದರ್ಧ ಗಂಟೆ ಮಲಗಿದರೂ ಮಾಸ್ಕ್ ಹಾಕಿಕೊಂಡೇ ಮಲಗುತ್ತೇನೆ.